ಜ್ವರದ ಅರ್ಜಿ

ನಮ್ಮ ವಕೀಲರು ತೀರಿಕೊಂಡ ಮೇಲೆ ಆಫೀಸಿನ ಕಡತಗಳನ್ನು ಕಕ್ಷಿದಾರರಿಗೆ ಹಿಂದಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊಪ್ಪದ ಪೇಟೆಯ ಆ ಎರಡು ಕೋಣೆಗಳಲ್ಲಿ ಟೈಪಿಸ್ಟ್ ಎಂದು ಸೇರಿ, ಆಮೇಲೆ ಗುಮಾಸ್ತರ ಕೆಲಸವನ್ನೂ ಮಾಡಿಕೊಂಡು ಉಳಿದವಳು ನಾನೊಬ್ಬಳೇ. ಯಾವ ಕಟ್ಟು ಯಾರದು ಎಂದು ಬೇರೆಯವರಿಗೆ ತಿಳಿಯುವಂತಿರಲಿಲ್ಲ. ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ಹೋದವು. ಒಂದನ್ನು ಮಾತ್ರ ಕೊಡಲು ಮನಸ್ಸು ಬರದೆ ಮನೆಗೆ ತಂದುಕೊಂಡಿದ್ದೇನೆ. ಸಂತಾಪ ಸಭೆಯಲ್ಲಿ ಅವರ ಬಗ್ಗೆ ಹಲವರು ಮಾತಾಡಿದರು. ಈ ಕಡತದ ವಿಷಯವನ್ನು ಯಾರೂ ಎತ್ತಲಿಲ್ಲ. ಗೊತ್ತಿದ್ದವರಿಗೆ ಮುಜುಗರ ಆಗಿರಬೇಕು. ನನಗೆ ಅವರು ನೆನಪಾಗುವುದು ಇದರಿಂದಲೇ.

ಎರಡು ಸಾವಿರದ ದಶಕದ ನಡುವಿನ ಸಂಗತಿ. ವಕೀಲರಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಕೆಲಸವಿತ್ತು. ಇದು ಯಾವ ಕೋರ್ಟಿನಲ್ಲಿ ನಡೆಯಿತು, ಯಾವ ಜೈಲು ಎಂದು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡಿದವರು ನನಗೆ ಈಗಲೂ ದಾರಿಯಲ್ಲಿ ಸಿಗುತ್ತಾರೆ, ನಗುತ್ತಾರೆ.

ಕಕ್ಷಿದಾರ ಮರ ಕೊಯ್ಯುವವನು. ಮುತ್ತಿನಕೊಪ್ಪದಿಂದ ಆಚೆ ಅವನ ಮನೆ. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುವ ಉದ್ದ ಗರಗಸದ ಕೆಲಸ. ಯಾರೋ ಕಡಿದು ತಂದಿಟ್ಟಿದ್ದ ಬೀಟೆ ದಿಮ್ಮಿಯನ್ನು ಕೂಲಿಗೆ ಹಲಗೆ ಮಾಡಿಕೊಟ್ಟಿದ್ದ. ಮರ ಸರ್ಕಾರಿ ಕಾಡಿನದು ಎಂದು ಕೇಸಾಯಿತು. ಕಡಿದವರು ಸಿಗಲಿಲ್ಲ, ಕೊಯ್ದವನು ಸಿಕ್ಕಿದ. ಎರಡು ತಿಂಗಳು ಜೈಲಿನಲ್ಲಿದ್ದ ಮೇಲೆ ಜಾಮೀನು ಮಂಜೂರಾಯಿತು. ಜಾಮೀನಿಗೆ ನಿಂತವನು ಅವನ ಹೆಂಡತಿಯ ಅಣ್ಣ, ಸೀತೂರಿನವನು. ತನ್ನ ಜಮೀನಿನ ಪಹಣಿ ತಂದು ಬಾಂಡಿಗೆ ಸಹಿ ಹಾಕಿದ.

ಅದು ದಸರಾ ರಜೆಗೆ ಮುಂಚಿನ ಶುಕ್ರವಾರ. ಬಿಡುಗಡೆ ಆದೇಶ ಕೋರ್ಟಿನಿಂದ ಜೈಲಿಗೆ ಪೊಲೀಸರ ಕೈಯಲ್ಲಿ ಹೋಗಬೇಕು, ಇಲ್ಲವೆ ರಿಜಿಸ್ಟರ್ಡ್ ಅಂಚೆಯಲ್ಲಿ. ಆದರೆ ನಮ್ಮ ಕಡೆ ಬೇರೆ ಒಂದು ರೂಢಿ ಬೆಳೆದಿತ್ತು. ಜೈಲಿರುವ ಊರು ಬಸ್ಸಿನಲ್ಲಿ ಮೂರು ತಾಸಿನ ದಾರಿ. ಅಂಚೆಗೆ ಹಾಕಿದರೆ ನಾಲ್ಕು ದಿನ, ಪೊಲೀಸರಿಗೆ ಕೊಟ್ಟರೆ ಅವರಿಗೆ ಬಿಡುವಾದಾಗ. ಬೆಳಗಿನ ಬಸ್ಸಿನ ಕಂಡಕ್ಟರ್ ಮಾತ್ರ ಎಲ್ಲವನ್ನೂ ಒಯ್ಯುತ್ತಿದ್ದ: ಔಷಧಿ, ಮದುವೆ ಕಾಗದ, ಕಾಫಿಪುಡಿ, ಮಿಕ್ಸಿಯ ಜಾರು. ಅಲ್ಲಿ ಬಸ್ ಸ್ಟ್ಯಾಂಡಿನ ಎದುರಿನ ಸ್ಟೇಷನರಿ ಅಂಗಡಿಯವರು ಅದನ್ನೆಲ್ಲ ತೆಗೆದುಕೊಂಡು ತಲುಪಿಸುತ್ತಿದ್ದರು. ಜೈಲು ಅಂಗಡಿಯಿಂದ ಒಂದು ಫರ್ಲಾಂಗು. ಹೀಗೆ ಎಷ್ಟೋ ಜನ ಅದೇ ದಿನ ಸಂಜೆಯೊಳಗೆ ಹೊರಗೆ ಬಂದಿದ್ದರು. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಕೋರ್ಟಿನ ಗುಮಾಸ್ತರು ಮೊಹರು ಮಾಡಿದ ಲಕೋಟೆಯನ್ನು ನನ್ನ ಮುಂದಿಟ್ಟರು.

"ನೀವೇ ಬಸ್ಸಿಗೆ ಕೊಟ್ಬಿಡಿ ಮಾರಾಯ್ರೆ. ನಮ್ಮ ಅಂಚೆಗೆ ಹಾಕಿದ್ರೆ ಅವನು ದಸರಾ ಅಲ್ಲೇ ಮಾಡ್ಬೇಕಾಗ್ತದೆ."

ತಪಾಲು ಪುಸ್ತಕದಲ್ಲಿ ಸಹಿ ಹಾಕಿ ತೆಗೆದುಕೊಂಡೆ. ಶನಿವಾರ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಕೊಟ್ಟೆ. ಕಂಡಕ್ಟರ್ ಅದನ್ನು ಟಿಕೆಟ್ ಚೀಲದ ಹಿಂದಿನ ಖಾನೆಗೆ ಸೇರಿಸಿಕೊಂಡದ್ದನ್ನು ಕಣ್ಣಾರೆ ನೋಡಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಮಂಗಳವಾರ ಅವನ ಹೆಂಡತಿ ಆಫೀಸಿಗೆ ಬಂದಳು. ಕಂಕುಳಲ್ಲಿ ಮಗಳು.

"ಅಕ್ಕಾ, ಅವ್ರು ಇನ್ನೂ ಬಂದಿಲ್ಲ."

"ಶನಿವಾರವೇ ಬಿಟ್ಟಾಗಿದೆಯಲ್ಲಮ್ಮ."

"ಬಿಟ್ಟಾಗಿದ್ಯಾ? ನೀವು ನೋಡಿದ್ರಾ?"

"ಆರ್ಡರು ನಾನೇ ಕಳಿಸಿದ್ದು. ಬಿಡದೆ ಎಂತ ಮಾಡ್ತಾರೆ? ಎಲ್ಲಾದ್ರೂ ಕೆಲಸ ಸಿಕ್ಕಿರಬಹುದು, ಬರ್ತಾರೆ ಹೋಗಿ."

ಒಂದು ಫೋನು ಮಾಡಬಹುದಿತ್ತು. ಮೇಜಿನ ಮೇಲೆಯೇ ಇತ್ತು. ಎಂಟು ದಿನ ಬಿಟ್ಟು ಅವಳು ಮತ್ತೆ ಬಂದಾಗಲೂ ಅದನ್ನೇ ಹೇಳಿದೆ. ಆ ಸಲ ಮಾತು ಸ್ವಲ್ಪ ಗಡುಸಾಗಿಯೇ ಬಂತು, ಏಕೆಂದರೆ ಟೈಪ್ ಮಾಡಬೇಕಾದ ಕೆಲಸ ಬಹಳ ಇತ್ತು. ಅವಳು ಮೆಟ್ಟಿಲಿಳಿದು ಹೋದಳು.

ರಜೆ ಮುಗಿದ ಮೇಲೆ ಕೇಸಿನ ವಾಯಿದೆ ಬಂತು. ಬೆಳಿಗ್ಗೆ ಹನ್ನೊಂದಾದರೂ ಅವನ ಸುಳಿವಿಲ್ಲ. ಜಾಮೀನಿನಲ್ಲಿರುವ ಆರೋಪಿ ಬರದಿದ್ದರೆ ವಾರಂಟ್ ಆಗುತ್ತದೆ. ಅದನ್ನು ತಪ್ಪಿಸಲು ಗೈರುಹಾಜರಿ ಮನ್ನಿಸಿ ಎಂದು ಅರ್ಜಿ ಕೊಡುವುದು ಎಲ್ಲ ಆಫೀಸಿನಲ್ಲೂ ಇರುವ ಕ್ರಮ. ಕಲಮಿನ ಸಂಖ್ಯೆಯಿಂದಲೇ ಅದಕ್ಕೆ ಮುನ್ನೂರ ಹದಿನೇಳು ಎಂದು ಹೆಸರು. ನಮ್ಮಲ್ಲಿ ಅದರ ಹಾಳೆಗಳು ಮೊದಲೇ ಟೈಪಾಗಿ ಇರುತ್ತಿದ್ದವು, ಹೆಸರು ಮತ್ತು ಕಾರಣಕ್ಕೆ ಜಾಗ ಬಿಟ್ಟು.

"ಒಂದು ಮುನ್ನೂರ ಹದಿನೇಳು ಹಾಕು," ಎಂದರು ವಕೀಲರು.

"ಕಾರಣ ಎಂತ ಹಾಕಲಿ ಸಾರ್?"

"ಜ್ವರ ಹಾಕು."

"ಎಷ್ಟು ದಿನದ್ದು?"

"ಮೂರು ಸಾಕು. ಜಾಸ್ತಿ ಆದ್ರೆ ಡಾಕ್ಟರ ಸರ್ಟಿಫಿಕೇಟ್ ಕೇಳ್ತಾರೆ ಮಾರಾಯ್ತಿ."

ಇಬ್ಬರೂ ನಕ್ಕೆವು. "ಆರೋಪಿಯು ಮೂರು ದಿನಗಳಿಂದ ಜ್ವರದಿಂದ ಬಳಲುತ್ತಿದ್ದು ಮನೆಯಲ್ಲಿ ವಿಶ್ರಾಂತಿಯಲ್ಲಿರುತ್ತಾರೆ" ಎಂದು ಟೈಪ್ ಮಾಡಿದೆ. ಅವರು ಸಹಿ ಹಾಕಿದರು. ನ್ಯಾಯಾಧೀಶರು ಮಂಜೂರು ಮಾಡಿದರು. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೆಂಡತಿಯ ಅಣ್ಣ ಕೂತಿದ್ದ. ತಂಗಿಯ ಗಂಡ ತಲೆತಪ್ಪಿಸಿಕೊಂಡರೆ ತನ್ನ ಜಮೀನು ಹೋಗುತ್ತದೆಂದು ಹೆದರಿ ಬಂದಿದ್ದ. ಅರ್ಜಿಯನ್ನು ಓದಿದ್ದು ಅವನ ಕಿವಿಗೆ ಬಿತ್ತು.

ಇದಾಗಿ ಮೂರು ವಾರಕ್ಕೆ ಆಫೀಸಿಗೆ ಒಂದು ಪೋಸ್ಟ್ ಕಾರ್ಡು ಬಂತು. ಮೇಲೆ ಜೈಲಿನ ಮೊಹರು. ಬೇರೆ ಯಾರೋ ಕೈದಿ ಬರೆದುಕೊಟ್ಟ ಅಕ್ಷರ. "ಅಯ್ಯನವರಿಗೆ ನಮಸ್ಕಾರ. ನನ್ನ ಜಾಮೀನು ಏನಾಯಿತೆಂದು ತಿಳಿಯಲಿಲ್ಲ. ಆಗುವುದಿಲ್ಲವಾದರೆ ಅದನ್ನಾದರೂ ತಿಳಿಸಬೇಕು." ಕೆಳಗೆ ಅವನ ಹೆಸರು.

ವಕೀಲರು ಕಾರ್ಡನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ನಾನು ಓದಿ ಮುಗಿಸುವವರೆಗೆ ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

"ಬ್ಯಾಗು ತಗೊ," ಎಂದರು. "ಹನ್ನೊಂದರ ಬಸ್ಸಿಗೆ ಹೋಗುವ."

ಮೊದಲು ಸ್ಟೇಷನರಿ ಅಂಗಡಿಗೆ ಹೋದೆವು. ಅಂಗಡಿಯವರು ಸ್ವಲ್ಪ ಯೋಚಿಸಿ ಮೇಜಿನ ಖಾನೆ ಎಳೆದರು. ರಬ್ಬರ್ ಬ್ಯಾಂಡ್ ಹಾಕಿದ ಕಾಗದಗಳ ಕೆಳಗೆ ಆ ಲಕೋಟೆ ಹಾಗೆಯೇ ಇತ್ತು, ಮೊಹರೂ ಒಡೆದಿರಲಿಲ್ಲ.

"ಅವತ್ತೇ ಜೈಲಿಗೆ ಒಯ್ದಿದ್ದೆ ಸ್ವಾಮಿ. ಗೇಟಲ್ಲಿ ಹೊಸ ಗುಮಾಸ್ತರು. ಖಾಸಗಿ ಜನದ ಕೈಲಿ ಬಂದಿದ್ದು ತಗಳಲ್ಲ, ಪೊಲೀಸರ ಕೈಲಿ ಬರಲಿ ಅಂದ್ರು. ವಾಪಸು ಬಸ್ಸಿಗೆ ಕೊಡ್ವ ಅಂತ ಇಟ್ಟೆ. ಆ ಕಂಡಕ್ಟರಿಗೆ ಬೇರೆ ರೂಟು ಆಯ್ತಲ್ಲ, ಹೊಸಬನಿಗೆ ಯಾರು ಎಂತ ಅಂತ ಗೊತ್ತಿಲ್ಲ. ಹಾಗೇ ಉಳ್ಕೊಂಡ್ಬಿಡ್ತು."

ಜೈಲಿನ ಜಾಲರಿಯ ಆಚೆ ಅವನನ್ನು ಕರೆತಂದರು. ಬಹಳ ಇಳಿದುಹೋಗಿದ್ದ. ಗರಗಸ ಎಳೆಯುವ ತೋಳು ಅವನದಲ್ಲವೇನೋ ಎಂಬಂತಿತ್ತು. ನಮ್ಮನ್ನು ನೋಡಿ ಅವನಿಗೆ ಸಂತೋಷವೇ ಆಯಿತು.

"ಆಗ್ಲಿಲ್ವಾ ಅಯ್ಯಾ ಜಾಮೀನು? ಪರವಾಗಿಲ್ಲ ಬಿಡಿ. ನೀವು ಅಷ್ಟು ದೂರದಿಂದ ಬಂದ್ರಲ್ಲ."

ವಕೀಲರು ಜಾಲರಿಗೆ ಹತ್ತಿರ ಸರಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಕೇಳಿದ್ದು ಒಂದೇ: "ನನ್ ಹೆಂಡ್ತಿಗೆ ಗೊತ್ತುಂಟಾ, ನಾನು ಇಲ್ಲೇ ಇದೀನಿ ಅಂತ?"

ಉತ್ತರ ನಾನು ಕೊಡಬೇಕಾಗಿತ್ತು. ಕೊಟ್ಟೆ.

ಲಕೋಟೆ ಸಿಕ್ಕಿದರೂ ಆವತ್ತೇ ಬಿಡಲಿಲ್ಲ. ಕೋರ್ಟಿನಿಂದ ಖಚಿತಪಡಿಸಿಕೊಂಡು ನಾಳೆ ಎಂದರು ಸೂಪರಿಂಟೆಂಡೆಂಟರು. ವಕೀಲರು ಬ್ಯಾಗಿನಿಂದ ಖಾಲಿ ವಕಾಲತ್ತಿನ ಹಾಳೆ ತೆಗೆದರು. ಕಾನೂನಿಲ್ಲದೆ ಬಂಧನದಲ್ಲಿಟ್ಟದ್ದಕ್ಕೆ ರಾಜ್ಯ ಸರ್ಕಾರದ ಮೇಲೆ, ಜೈಲಿನ ಸೂಪರಿಂಟೆಂಡೆಂಟರ ಮೇಲೆ, ವಾಯಿದೆಯ ದಿನ ಅವನನ್ನು ಕೋರ್ಟಿಗೆ ಕರೆತರಲು ಬೆಂಗಾವಲು ಕೊಡದ ಪೊಲೀಸ್ ಅಧಿಕಾರಿಯ ಮೇಲೆ ದಾವೆ ಹೂಡುವುದೆಂದು ಅಲ್ಲೇ ತೀರ್ಮಾನವಾಯಿತು. ಕೈದಿಯ ವಕಾಲತ್ತಿಗೆ ಜೈಲಿನ ಮುಖ್ಯಸ್ಥರ ದೃಢೀಕರಣ ಬೇಕು. ಹಾಗಾಗಿ ತಮ್ಮ ಮೇಲಿನ ದಾವೆಯ ವಕಾಲತ್ತಿಗೆ "ನನ್ನ ಸಮಕ್ಷಮ" ಎಂದು ಸೂಪರಿಂಟೆಂಡೆಂಟರೇ ಸಹಿ ಹಾಕಬೇಕಾಯಿತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಮೂವರಲ್ಲಿ ಎರಡನೆಯವನು ನಾನಾ?"

"ಹೌದು."

"ಇಲಾಖೆಗೆ ಬಂದು ಹದಿನಾರು ವರ್ಷ ಆಯ್ತು. ಇಂಥದಕ್ಕೆ ಸಹಿ ಹಾಕಿದ್ದು ಇದೇ ಮೊದಲು," ಎಂದು ಸಹಿ ಹಾಕಿ, ಮೊಹರನ್ನು ನೆಟ್ಟಗೆ ಬೀಳುವಂತೆ ಒತ್ತಿ, ನಮಗೆ ಚಹಾ ತರಿಸಿದರು. ಮರುದಿನ ಅವನನ್ನು ಬಿಟ್ಟರು. ಆದೇಶವಾದ ದಿನದಿಂದ ಅದು ನಲವತ್ತೊಂದನೆಯ ದಿನ.

ಹತ್ತು ದಿನ ಕಳೆದು ಅವನು ಆಫೀಸಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಯ್ಯಾ, ನಂಗೆ ಜ್ವರ ಬಂದಿತ್ತು ಅಂತ ಕೋರ್ಟಲ್ಲಿ ಹೇಳಿದ್ದು ಯಾರು?"

ನನ್ನ ಬೆರಳು ಟೈಪ್‌ರೈಟರಿನ ಮೇಲೆಯೇ ನಿಂತಿತು.

ಅವನು ಬಿಡುಗಡೆಯಾಗಿ ಮನೆಗೆ ಹೋದಾಗ ಬಾಗಿಲಿಗೆ ಬೀಗ. ಹೆಂಡತಿ ಮಗಳನ್ನು ಕರೆದುಕೊಂಡು ಸೀತೂರಿನ ತವರಿಗೆ ಹೋಗಿದ್ದಳು. ಅಲ್ಲಿಗೆ ಹೋದರೆ ಅವಳ ಅಣ್ಣ ಅಂಗಳದಲ್ಲೇ ತಡೆದ. ಜೈಲಲ್ಲಿದ್ದೆ ಎಂದರೆ ಯಾರೂ ನಂಬಲಿಲ್ಲ. ಶನಿವಾರವೇ ಬಿಟ್ಟಿದ್ದಾರೆಂದು ವಕೀಲರ ಆಫೀಸಿನಲ್ಲೇ ಹೇಳಿದ್ದಾರೆ. ಮನೆಯಲ್ಲಿ ಮಲಗಿದ್ದಾನೆಂದು ಕೋರ್ಟಿನಲ್ಲಿ ಅವನ ವಕೀಲರೇ ಬರೆದುಕೊಟ್ಟಿದ್ದಾರೆ. ಅವನ ಮನೆಯಲ್ಲಂತೂ ಅವನು ಇರಲಿಲ್ಲ.

"ಯಾವ ಮನೇಲಿ ಜ್ವರ ಬಂದಿತ್ತು, ಗಂಜಿ ಕಾಸಿ ಕೊಟ್ಟೋಳು ಯಾರು ಅಂತ ಅಣ್ಣನ ಕೈಲಿ ಕೇಳಿಸ್ತಾಳೆ ಅವ್ಳು. ನಾನು ಎಂತ ಹೇಳ್ಲಿ?"

"ನಾನು ಬಂದು ಹೇಳ್ತೇನೆ ಮಾರಾಯ," ಎಂದರು ವಕೀಲರು.

ಹೋದೆವು. ಹೆಂಡತಿಯ ಅಣ್ಣ ನಮ್ಮನ್ನು ಜಗಲಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು, ಮರ್ಯಾದೆಯಿಂದಲೇ ಮಾತಾಡಿದ.

"ಸಾರ್, ಅವತ್ತು ಕೋರ್ಟಲ್ಲಿ ಹೇಳಿದ್ದು ಸುಳ್ಳಾ, ಇವತ್ತು ಜಗಲಿ ಮೇಲೆ ಹೇಳ್ತಿರೋದು ಸುಳ್ಳಾ?"

"ಅವತ್ತಿಂದು."

"ಹಂಗಾರೆ ಅದನ್ನ ಅಲ್ಲೇ ಹೇಳಿ. ಕೋರ್ಟು ಬರ್ಕೊಡ್ಲಿ. ಜೈಲಿನ ಚೀಟಿ ಗೀಟಿ ನಂಗೆ ಬ್ಯಾಡ. ನಮ್ಮನೆ ಹುಡುಗಿ ಹಣೆಬರ ಇದು."

ಒಳಗೆ ಅವಳಿದ್ದಳು. ಹೊರಗೆ ಬರಲಿಲ್ಲ.

ಆವತ್ತಿನಿಂದ ದಾವೆಯ ದಿಕ್ಕು ಬದಲಾಯಿತು. ವಕೀಲರ ಮನಸ್ಸಿನಲ್ಲಿದ್ದದ್ದು ಅಧಿಕಾರಿಗಳಿಗೆ ಒಂದು ಪಾಠ ಮತ್ತು ಪರಿಹಾರ. ಅವನಿಗೆ ಬೇಕಾದದ್ದು ಆ ನಲವತ್ತೊಂದು ದಿನ ತಾನೆಲ್ಲಿದ್ದೆ ಎಂದು ಕೋರ್ಟು ಬರೆದ ಒಂದು ಕಾಗದ. ವಾದಪತ್ರದಲ್ಲಿ ಆ ಕೋರಿಕೆಯನ್ನೇ ಮೊದಲಿಗೆ ಹಾಕಿದೆವು.

ಸರ್ಕಾರದ ಮೇಲೆ ದಾವೆ ಹೂಡಲು ಮೊದಲು ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಮೂವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಈ ಸಲ ಪ್ರತಿ ಸ್ವೀಕೃತಿ ಕಾರ್ಡು ಬಂದಾಗಲೂ ಅದನ್ನು ಹಾಳೆಗೆ ಅಂಟಿಸಿ, ಕೆಳಗೆ ದಿನಾಂಕ ಬರೆದೆ. ಉತ್ತರ ಯಾರೂ ಕೊಡಲಿಲ್ಲ. ದಾವೆ ದಾಖಲಾಯಿತು. ನಾಲ್ಕು ವಾಯಿದೆಗಳ ನಂತರ ಸರ್ಕಾರದ ಲಿಖಿತ ಹೇಳಿಕೆ ಬಂತು. ಅದರಲ್ಲಿ ಎಲ್ಲವನ್ನೂ ನಿರಾಕರಿಸಿದ್ದರು. ಅವನು ಆ ದಿನಗಳಲ್ಲಿ ಜೈಲಿನಲ್ಲಿದ್ದನೆಂಬುದನ್ನೂ ನಿರಾಕರಿಸಿದ್ದರು. ಜೊತೆಗೆ ಒಂದು ದಾಖಲೆ: ನಮ್ಮ ಜ್ವರದ ಅರ್ಜಿಯ ನಕಲು.

ಸರ್ಕಾರಿ ವಕೀಲರು ನಮ್ಮ ವಕೀಲರ ಜೊತೆಗೇ ಓದಿದವರು. ಕೋರ್ಟಿನ ಹೊರಗೆ ಸಿಕ್ಕಾಗ ಇವರು ಕೇಳಿದರು.

"ಜೈಲಲ್ಲೇ ಇರಲಿಲ್ಲ ಅಂತ ಬರ್ದಿದ್ದೀಯಲ್ಲ ಮಾರಾಯ. ನಿನ್ನ ಎರಡನೇ ಪ್ರತಿವಾದಿ ಜೈಲಲ್ಲಿ ಕೂತು 'ನನ್ನ ಸಮಕ್ಷಮ' ಅಂತ ಸಹಿ ಹಾಕಿದ್ದು ಯಾರ ವಕಾಲತ್ತಿಗೆ?"

"ಎಲ್ಲಾ ಪ್ಯಾರಾನೂ ನಿರಾಕರಿಸೋದು ನಮ್ಮ ಪದ್ಧತಿ. ಅದೇನು ನಂಗೆ ಗೊತ್ತಿಲ್ವಾ? ನೀನು ಜ್ವರ ಬರ್ಸಿದ್ದೀಯಲ್ಲ, ಹಾಗೇ ಇದು."

ನಮ್ಮ ವಕೀಲರು ನಗಲಿಲ್ಲ.

ಹಳೆಯ ಮರದ ಕೇಸಿನ ಕಡತವನ್ನು ಪರಿಶೀಲಿಸಲು ಅರ್ಜಿ ಹಾಕಿ, ಒಂದು ಮಧ್ಯಾಹ್ನ ನಾನೇ ಕೂತು ಹಾಳೆ ಹಾಳೆ ನೋಡಿದೆ. ಜ್ವರದ ಅರ್ಜಿಯಿಂದ ಎರಡು ಹಾಳೆ ಹಿಂದೆ ಜೈಲಿನ ಒಂದು ಪತ್ರವನ್ನು ಹೊಲಿದಿದ್ದರು. "ಬೆಂಗಾವಲು ಸಿಬ್ಬಂದಿ ಲಭ್ಯವಾಗದ ಕಾರಣ ಆರೋಪಿಯನ್ನು ಹಾಜರುಪಡಿಸಲಾಗಿಲ್ಲ." ಎರಡರ ಮೇಲೂ ಒಂದೇ ವಾಯಿದೆಯ ದಿನಾಂಕ. ಒಂದರ ಪ್ರಕಾರ ಅವನು ಜೈಲಿನಲ್ಲಿ, ಇನ್ನೊಂದರ ಪ್ರಕಾರ ಮನೆಯಲ್ಲಿ. ಒಂದೇ ದಾರದಲ್ಲಿ ಹೊಲಿದದ್ದನ್ನು ಯಾರೂ ಓದಿರಲಿಲ್ಲ. ಪತ್ರದ ನಕಲಿಗೆ ಅರ್ಜಿ ಕೊಟ್ಟು, ಓಡಿಬಂದು ವಕೀಲರಿಗೆ ಹೇಳಿದೆ. ಕೇಸು ಗೆದ್ದಂತೆಯೇ ಎಂದು ನನ್ನ ಎಣಿಕೆ.

"ಗೆಲ್ಲೋದಿಲ್ಲ," ಎಂದರು. "ಎರಡು ಕಾಗದದಲ್ಲಿ ಒಂದು ಸುಳ್ಳು. ಯಾವುದು ಅಂತ ಯಾರಾದ್ರೂ ಪ್ರಮಾಣ ಮಾಡಿ ಹೇಳ್ಬೇಕಲ್ಲ. ಜೈಲಿನವರು ಹೇಳೋದಿಲ್ಲ."

ಆ ವಾರವೇ ಸರ್ಕಾರಿ ವಕೀಲರು ರಾಜಿಯ ಮಾತು ತಂದರು. ದಾವೆ ಹಿಂತೆಗೆದುಕೊಳ್ಳಿ. ಅವನು ಇಂಥ ದಿನದವರೆಗೆ ಜೈಲಿನಲ್ಲಿದ್ದನೆಂದು ಸೂಪರಿಂಟೆಂಡೆಂಟರು ಸರ್ಟಿಫಿಕೇಟ್ ಕೊಡುತ್ತಾರೆ. ಜ್ವರದ ಅರ್ಜಿಯನ್ನು ಸರ್ಕಾರದ ಕಡೆಯವರು ಸಾಕ್ಷ್ಯವಾಗಿ ಗುರುತು ಮಾಡಿಸುವುದಿಲ್ಲ. "ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೇನೆ," ಎಂದರು. "ಕೋರ್ಟಿಗೆ ಸುಳ್ಳು ಹೇಳಿದೆ ಅಂತ ಆದ್ರೆ ವಕೀಲರ ಪರಿಷತ್ತಿಗೆ ಹೋಗ್ತದೆ. ಈ ವಯಸ್ಸಲ್ಲಿ ಬೇಕಾ?"

ಅವರು ಹೋದ ಮೇಲೆ ವಕೀಲರು ಬಹಳ ಹೊತ್ತು ಮೇಜಿನ ಮೇಲಿನ ಪಿನ್ನುಗಳನ್ನು ಡಬ್ಬಿಗೆ ತುಂಬುತ್ತ ಕೂತರು. ನಾನು ಒಪ್ಪಿಕೊಳ್ಳಿ ಎಂದೆ. ನನಗೆ ಅವರ ಚಿಂತೆ. ಅವರ ಸನ್ನದು ಹೋದರೆ ಎಂಬ ಹೆದರಿಕೆಯ ಜೊತೆಗೆ, ನನ್ನ ಸಹಿಯೂ ತಪಾಲು ಪುಸ್ತಕದಲ್ಲಿದೆ ಎಂಬ ಹೆದರಿಕೆಯೂ ಇತ್ತು. ಅದನ್ನು ಈಗ ಮುಚ್ಚಿಡುವುದಿಲ್ಲ.

"ಈ ರಾಜಿಯಿಂದ ನನಗೆ ಲಾಭ ಉಂಟು," ಎಂದರು. "ಹಾಗಾಗಿ ಇದು ಅವನಿಗೆ ಒಳ್ಳೆಯದಾ ಕೆಟ್ಟದಾ ಅಂತ ಹೇಳುವ ಯೋಗ್ಯತೆ ನನಗಿಲ್ಲ. ಅವನನ್ನು ಕರೆಸು. ಶೃಂಗೇರಿಯ ಆ ಹುಡುಗನಿಗೂ ಬರಲಿಕ್ಕೆ ಹೇಳು."

ಹುಡುಗ ಎಂದರೆ ಶೃಂಗೇರಿಯಲ್ಲಿ ಆರು ವರ್ಷದಿಂದ ವಕೀಲಿಕೆ ಮಾಡುತ್ತಿದ್ದವರು, ಹಿಂದೆ ನಮ್ಮಲ್ಲೇ ಕೆಲಸ ಕಲಿತವರು. ಅವರ ಎದುರಿಗೆ ಕಕ್ಷಿದಾರನಿಗೆ ರಾಜಿಯ ಶರ್ತಗಳನ್ನು ಒಂದೊಂದಾಗಿ ತಿಳಿಸಿ, ತನಗೆ ಅದರಲ್ಲಿ ಏನು ಅನುಕೂಲ ಎಂಬುದನ್ನೂ ವಕೀಲರು ಬಿಡದೆ ಹೇಳಿದರು. ಅವನು ಗೋಡೆಗೆ ಒರಗಿ ಕೇಳಿಸಿಕೊಂಡ.

"ಆ ಚೀಟಿಲಿ ಜ್ವರ ಸುಳ್ಳು ಅಂತ ಬರೀತಾರಾ ಅಯ್ಯಾ?"

"ಇಲ್ಲ."

"ಹಂಗಾರೆ ನಂಗೆ ಅದು ಎಂತಕ್ಕೂ ಬರಲ್ಲ." ಆಮೇಲೆ ವಕೀಲರ ಕಡೆ ನೋಡಿ, "ನಿಮಗೆ ತೊಂದ್ರೆ ಆಗೋದಾದ್ರೆ ಮಾತ್ರ..." ಎಂದ.

"ನನ್ನ ವಿಷಯ ನೀನು ಎತ್ತಬೇಡ," ಎಂದರು ವಕೀಲರು. ದನಿ ಏರಿತ್ತು. ಅವನ ಮೇಲೆ ಅವರು ದನಿ ಏರಿಸಿದ್ದು ಅದೊಂದೇ ಸಲ.

ತಾವೇ ಸಾಕ್ಷಿ ಹೇಳುವುದೆಂದು ವಕೀಲರು ನಿರ್ಧರಿಸಿದರು; ಅದೇ ಮಧ್ಯಾಹ್ನ ಅವರು ಈ ಕೇಸಿನಿಂದ ಹಿಂದೆ ಸರಿಯುವ ನಿವೃತ್ತಿ ಜ್ಞಾಪನ ಟೈಪ್ ಮಾಡಿದೆ. ಸಾಕ್ಷಿ ಹೇಳುವ ವಕೀಲ ಅದೇ ಕೇಸು ನಡೆಸುವಂತಿಲ್ಲ. ದಾವೆ ಶೃಂಗೇರಿಯ ವಕೀಲರಿಗೆ ಹೋಯಿತು. ನಮ್ಮ ವಕೀಲರು ಎರಡನೆಯ ಸಾಕ್ಷಿಯಾದರು. ಅವರ ಪ್ರಮಾಣಪತ್ರದ ಕರಡನ್ನು ಅವರೇ ಬರೆದು ನನ್ನ ಮುಂದಿಟ್ಟರು. ಬಸ್ಸಿಗೆ ಲಕೋಟೆ ಕೊಟ್ಟದ್ದು "ನಾನು" ಎಂದು ಬರೆದಿದ್ದರು. ಅವನ ಹೆಂಡತಿಗೆ ಬಿಡುಗಡೆಯಾಗಿದೆ ಎಂದು ಹೇಳಿದ್ದೂ "ನಾನು".

"ಸಾರ್, ಇದು ತಪ್ಪು," ಎಂದೆ.

"ಆಫೀಸು ನನ್ನದು. ನೀನು ಮಾಡಿದ್ದು ನಾನು ಮಾಡಿದ ಹಾಗೆ."

"ಪ್ರಮಾಣ ಮಾಡಿ ಹೇಳೋದಲ್ವಾ ಸಾರ್? ಒಂದು ಸುಳ್ಳು ತೆಗೀಲಿಕ್ಕೆ ಹೋಗಿ ಇನ್ನೆರಡು ಹಾಕಿದ ಹಾಗಾಗ್ತದೆ."

ಅವರು ಕರಡನ್ನು ವಾಪಸು ತೆಗೆದುಕೊಂಡು ಆ ಎರಡು ಸಾಲು ಹೊಡೆದುಹಾಕಿದರು. "ಕೂತು ಕೂತು ನೀನೂ ವಕೀಲೆ ಆದೆ ಮಾರಾಯ್ತಿ," ಎಂದರು. ನಾನು ಮೂರನೆಯ ಸಾಕ್ಷಿಯಾದೆ.

ಅವರ ಪಾಟೀಸವಾಲಿನ ದಿನ ಕೋರ್ಟು ತುಂಬಿತ್ತು. ಕರಿಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಬರೀ ಬಿಳಿ ಅಂಗಿಯಲ್ಲಿ ಕಟಕಟೆ ಹತ್ತಿದರು. ತಪ್ಪೊಪ್ಪಿಗೆಯಾಗುವಂಥ ಪ್ರಶ್ನೆಗೆ ಉತ್ತರಿಸುವ ಮೊದಲು ಯೋಚಿಸಿ ಎಂದು ನ್ಯಾಯಾಧೀಶರು ಎಚ್ಚರಿಸಿದರು. "ಯೋಚನೆ ಮಾಡಿಯೇ ಬಂದಿದ್ದೇನೆ ಸ್ವಾಮಿ," ಎಂದರು.

ಸರ್ಕಾರಿ ವಕೀಲರು ಅರ್ಜಿಯನ್ನು ತೋರಿಸಿದರು. "ಈ ಸಹಿ ನಿಮ್ಮದೇ?"

"ನನ್ನದೇ."

"ಆರೋಪಿಗೆ ಜ್ವರವಿದೆ ಎಂದು ನಿಮಗೆ ತಿಳಿಸಿದವರು ಯಾರು?"

"ಯಾರೂ ಇಲ್ಲ."

"ಹಾಗಾದರೆ ಹೇಗೆ ಬರೆದಿರಿ?"

"ಯಾವಾಗಲೂ ಬರೆಯುವ ಹಾಗೆ ಬರೆದೆ. ಅವನು ಎಲ್ಲಿದ್ದಾನೆ ಎಂದು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಆವತ್ತೇ ತಿಳಿಯುತ್ತಿತ್ತು. ಅಲ್ಲಿಂದ ಮುಂದೆ ಅವನು ಜೈಲಿನಲ್ಲಿ ಕಳೆದ ಪ್ರತಿ ದಿನಕ್ಕೂ ನಿಮ್ಮ ಪ್ರತಿವಾದಿಗಳ ಜೊತೆ ನಾನೂ ಹೊಣೆ."

ಆ ಕೊನೆಯ ಮಾತು ಪ್ರಶ್ನೆಗೆ ಉತ್ತರವಲ್ಲ ಎಂದು ಸರ್ಕಾರಿ ವಕೀಲರು ಆಕ್ಷೇಪಿಸಬಹುದಿತ್ತು. ಆಕ್ಷೇಪಿಸಲಿಲ್ಲ. ತಲೆ ಬಗ್ಗಿಸಿ ಕಾಗದ ತಿರುವುತ್ತ ನಿಂತು, "ಇನ್ನು ಪ್ರಶ್ನೆಗಳಿಲ್ಲ" ಎಂದರು. ನನ್ನ ಸರದಿ ಬಂದಾಗ ಕಟಕಟೆ ಹತ್ತಿದೆ. ತಪಾಲು ಪುಸ್ತಕ, ಬಸ್ಸು, ಮಂಗಳವಾರ ಬಂದ ಹೆಂಡತಿ, ಮೇಜಿನ ಮೇಲಿದ್ದ ಫೋನು ಎಲ್ಲವನ್ನೂ ಹೇಳಿದೆ. ಇಳಿದು ಬಂದಾಗ ವಕೀಲರು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದರು.

ಮರದ ಕೇಸು ಅಷ್ಟರಲ್ಲಿ ಖುಲಾಸೆಯಲ್ಲಿ ಮುಗಿದಿತ್ತು. ದಾವೆಯ ತೀರ್ಪು ಬಂದದ್ದು ಅದರ ಮುಂದಿನ ಬೇಸಿಗೆ ರಜೆಗೆ ಸ್ವಲ್ಪ ಮೊದಲು. ಒಟ್ಟು ಎರಡೂವರೆ ವರ್ಷ ಹಿಡಿಯಿತು. ನಲವತ್ತೊಂದು ದಿನಗಳ ಬಂಧನ ಕಾನೂನಿಗೆ ವಿರುದ್ಧ, ಅದಕ್ಕೆ ಪ್ರತಿವಾದಿಗಳು ಹೊಣೆ ಎಂದಿತ್ತು. ಪರಿಹಾರ ಕೇಳಿದ್ದಕ್ಕಿಂತ ಬಹಳ ಕಡಿಮೆ. ಕೋರ್ಟಿನ ಆದೇಶವನ್ನು ಖಾಸಗಿ ಬಸ್ಸಿನಲ್ಲಿ ಕಳಿಸುವ ರೂಢಿಗೆ ಒಂದು ಪ್ಯಾರಾ ಇತ್ತು, ನಮ್ಮ ವಕೀಲರ ನಡವಳಿಕೆ ಖಂಡನೀಯ ಎಂದು ಒಂದು ಸಾಲು. ಆ ಸಾಲನ್ನು ಓದದೆ ಹಾರಿಸಿದೆ. ಅವರಿಗೆ ಗೊತ್ತಾಯಿತು.

"ಒಂದು ಸಾಲು ಬಿಟ್ಟೆ. ಓದು."

ಓದಿದೆ.

"ಸರಿಯಾಗಿಯೇ ಬರ್ದಿದ್ದಾರೆ," ಎಂದರು. ವಕೀಲರ ಪರಿಷತ್ತಿನಿಂದ ಆಮೇಲೆ ಒಂದು ನೋಟಿಸು ಬಂತು. ಎಚ್ಚರಿಕೆಯ ಪತ್ರದಲ್ಲಿ ಮುಗಿಯಿತು. ಕೆಲವು ಕಕ್ಷಿದಾರರು ಬಿಟ್ಟುಹೋದರು. ಮುನ್ನೂರ ಹದಿನೇಳರ ಖಾಲಿ ಹಾಳೆಗಳನ್ನು ಅವರು ನನ್ನಿಂದಲೇ ಒಲೆಗೆ ಹಾಕಿಸಿದರು. ಆಮೇಲೆ ಯಾರು ಬರದಿದ್ದರೂ ಮೊದಲು ಫೋನು, ಫೋನಿಲ್ಲದಿದ್ದರೆ ಆ ಊರಿನ ಯಾರನ್ನಾದರೂ ಹಿಡಿದು ವಿಚಾರಣೆ. ಬೇರೆ ಆಫೀಸಿನವರು ನಗುತ್ತಿದ್ದರು.

ತೀರ್ಪಿನ ದೃಢೀಕೃತ ನಕಲು ಸಿಕ್ಕಿದ ದಿನವೇ ಮರ ಕೊಯ್ಯುವವನನ್ನೂ ಕರೆದುಕೊಂಡು ಸೀತೂರಿಗೆ ಹೊರಟೆವು. ಬಸ್ಸಿಳಿದು ನಡೆಯುವಾಗ ವಕೀಲರು ರಸ್ತೆಯ ಮೋರಿಕಟ್ಟೆಯ ಹತ್ತಿರ ನಿಂತರು.

"ನಾನು ಇಲ್ಲೇ ಇರ್ತೇನೆ. ನಾನು ಬಂದ್ರೆ ಅವರು ನನಗೆ ಮರ್ಯಾದೆ ಮಾಡ್ಬೇಕಾಗ್ತದೆ. ಇವತ್ತು ಅದು ಬೇಡ."

ನಾನೂ ಮರ ಕೊಯ್ಯುವವನೂ ಹೋದೆವು. ಹೆಂಡತಿಯ ಅಣ್ಣ ಕಾಗದವನ್ನು ತೆಗೆದುಕೊಂಡು ಮೊಹರು ನೋಡಿ, ಒಳಗೆ ಕರೆದ. ಈ ಸಲ ಅವಳು ಹೊರಗೆ ಬಂದಳು. ನನ್ನನ್ನೇ ನೋಡಿದಳು.

"ಅವತ್ತು ಹೋಗಿ ಅಂದಿದ್ದು ನೀವೇ ಅಲ್ವಾ?"

"ನಾನೇ. ವಿಚಾರಿಸದೆ ಹೇಳಿದೆ."

"ಹಂಗಾರೆ ನೀವೇ ಓದಿ."

ಮೊದಲನೆಯ ವಿವಾದಾಂಶದ ಮೇಲಿನ ತೀರ್ಮಾನವನ್ನು ಓದಿದೆ. ಎಲ್ಲಿಂದ ಎಲ್ಲಿಯವರೆಗೆ, ಯಾವ ಜೈಲು. ಜ್ವರದ ಅರ್ಜಿಯಲ್ಲಿರುವುದು ನಿಜವಲ್ಲ. ಆ ದಿನಗಳಲ್ಲಿ ವಾದಿಯು ಮನೆಗೆ ಹೋಗದಿದ್ದುದು ತನ್ನ ಇಚ್ಛೆಯಿಂದಲ್ಲ. ಆ ವಾಕ್ಯವನ್ನು ಇನ್ನೊಂದು ಸಲ ಓದಿ ಎಂದಳು. ಓದಿದೆ. ಅವಳು ಗಂಡನ ಕಡೆ ತಿರುಗಿದಳು. ಎರಡೂವರೆ ವರ್ಷದಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದಿರಬೇಕು.

"ವಕೀಲ್ರಿಗೆ ಕಾರ್ಡು ಹಾಕ್ಸಿದ್ರಿ. ನಂಗೊಂದು ಹಾಕ್ಸಕ್ಕೆ ಆಗ್ಲಿಲ್ವಾ?"

"ಎಂತ ಅಂತ ಬರ್ಸದು? ಜಾಮೀನು ಆಗ್ಲಿಲ್ಲ ಅಂದ್ರೆ ನೀನು ಅಳ್ತಿದ್ದೆ."

"ಈಗ ನಕ್ಕಂಡು ಇದ್ನಾ?"

ಅವಳು ಒಳಗೆ ಹೋದಳು. ಪಾತ್ರೆಯ ಸದ್ದು, ಕಬ್ಬಿಣದ ಪೆಟ್ಟಿಗೆಯ ಮುಚ್ಚಳದ ಸದ್ದು ಕೇಳಿತು. ಅಣ್ಣ ಹೊಸ್ತಿಲಲ್ಲಿ ನಿಂತು, "ಊಟ ಆದ್ರೂ ಮಾಡ್ಕಂಡು ಹೋಗು," ಎಂದ. "ಮೂರೂವರೆ ಬಸ್ಸು ತಪ್ತದೆ," ಎಂದಳು ಒಳಗಿನಿಂದ.

ನಾಲ್ವರು ಮೋರಿಯ ಹತ್ತಿರ ಬಂದಾಗ ವಕೀಲರು ಕಟ್ಟೆಯ ಮೇಲೆ ಕರಿಕೋಟು ಮಡಚಿಟ್ಟುಕೊಂಡು ಕೂತಿದ್ದರು. ಅವಳ ಕೈಯಲ್ಲಿದ್ದ ಚೀಲವನ್ನು ನೋಡಿ ಎದ್ದು ನಿಂತರು.

"ಜ್ವರ ಬರ್ದೋರು ಇವ್ರೇನಾ?" ಎಂದು ಅವಳು ನನ್ನನ್ನು ಕೇಳಿದಳು.

"ಹೌದಮ್ಮ, ನಾನೇ," ಎಂದು ಅವರೇ ಉತ್ತರ ಕೊಟ್ಟರು.

ಅವಳು ಅವರನ್ನು ನೋಡಿದಳು. ಮಗಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಚೀಲವನ್ನು ಕಾಲ ಬಳಿಗೆ ಇಳಿಸಿಕೊಂಡು, ತಾನು ಒಂದು ತುದಿಗೆ ಸರಿದಳು.

"ಕೂತ್ಕಳಿ," ಎಂದಳು. "ಬಸ್ಸಿಗೆ ಇನ್ನೂ ಹೊತ್ತದೆ."

ಅವರು ಕೂತರು.